ಫಾರ್ಮುಲಾ ಮೇಲೆ ನಂಬರ್ ಹೊಡೆದವರು ಯಾರು?

ಕಳೆದ ವರ್ಷದ ಒಂದು ಇಂಟರ್‌ವ್ಯೂ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ನಾನು ಕೊಟ್ಟಿದ್ದಲ್ಲ, ತೆಗೆದುಕೊಂಡಿದ್ದು. ಮೇಜಿನ ಈ ಕಡೆ ನಾನು, ಪಕ್ಕದಲ್ಲಿ ನನ್ನ ಸಹೋದ್ಯೋಗಿ. ಆ ಕಡೆ ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದ ಹುಡುಗಿ, ಹುಬ್ಬಳ್ಳಿ ಕಡೆಯವಳು. ರೆಸ್ಯೂಮೆಯಲ್ಲಿ ಎಲ್ಲರಂತೆ ಜಾವಾ, ಪೈಥಾನ್, ಎಸ್‌ಕ್ಯೂಎಲ್ ಇದ್ದವು. ಕೊನೆಯಲ್ಲಿ ಒಂದು ಸಾಲು ಮಾತ್ರ ಬೇರೆ ಥರ ಇತ್ತು. ಹ್ಯಾಸ್ಕೆಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ, ಕನ್ನಡ ಪದ್ಯಗಳಿಗೆ ಪ್ರಸ್ತಾರ ಹಾಕುವ ಪ್ರೋಗ್ರಾಮ್. ಹೈಸ್ಕೂಲಿನಲ್ಲಿ ನಾವೆಲ್ಲ ಪೆನ್ಸಿಲ್ ಹಿಡಿದು ಪದ್ಯದ ಮೇಲೆ ಲಘು, ಗುರು ಗುರುತು ಹಾಕಿ ಮಾತ್ರೆ ಎಣಿಸುತ್ತಿದ್ದೆವಲ್ಲ, ಅದೇ. ನಾನಂತೂ ಪರೀಕ್ಷೆಯಲ್ಲಿ ಗಣ ಕೂಡಿಬರಲಿಲ್ಲ ಅಂತ ಒಂದು ಗುರುವನ್ನ ಲಘು ಮಾಡಿ ಮೇಷ್ಟ್ರ ಕೈಗೆ ಸಿಕ್ಕಿಬಿದ್ದವನು. ಹಾಗಾಗಿ ಆ ಸಾಲು ಓದಿ ಖುಷಿಯಾಗಿ ನೆಟ್ಟಗೆ ಕೂತೆ.

ಸಹೋದ್ಯೋಗಿಗೆ ಕನ್ನಡ ಬರುವುದಿಲ್ಲ. ಪ್ರಸ್ತಾರ ಅಂದರೆ ಏನು ಅಂತ ಅವನು ಕೇಳಲೂ ಇಲ್ಲ. ಅವನ ಕಣ್ಣು ನಿಂತಿದ್ದು ಹ್ಯಾಸ್ಕೆಲ್ ಅನ್ನುವ ಪದದ ಮೇಲೆ. ನಗುತ್ತಲೇ ಕೇಳಿದ: "ಕಾಲೇಜು ಬಿಟ್ಟರೆ ಇದನ್ನ ಯಾರು ಉಪಯೋಗಿಸ್ತಾರೆ?" ಹುಡುಗಿ ಒಂದು ಕ್ಷಣ ಸುಮ್ಮನಿದ್ದು, "ಅದು ಗೊತ್ತಿಲ್ಲ ಸರ್. ಇದರಲ್ಲಿ ಬರೆದಾಗ ತಪ್ಪು ಕಮ್ಮಿ ಆಗ್ತಿತ್ತು, ಅದಕ್ಕೆ ಬರೆದೆ" ಅಂದಳು. ಅವನು ಮುಂದಿನ ಪ್ರಶ್ನೆಗೆ ಹೋದ. ಆಮೇಲೆ ಅವಳು ಎಸ್‌ಕ್ಯೂಎಲ್ ಜಾಯಿನ್ ಪ್ರಶ್ನೆಯಲ್ಲೂ ತಡವರಿಸಿದಳು. ಫಾರ್ಮಿನಲ್ಲಿ ಅವನು ಅವಳ ಬಗ್ಗೆ ಬರೆದಿದ್ದು ಒಂದೇ ಪದ, ಅಕಡೆಮಿಕ್. ನಮ್ಮ ಆಫೀಸುಗಳಲ್ಲಿ ಅದು ಬೈಗುಳಕ್ಕೆ ಸಮ. ನಾನು ಅದರ ಕೆಳಗೆ ಸಹಿ ಹಾಕಿದೆ.

ನನ್ನ ಸಂಕಟ ಇರುವುದು ಇಲ್ಲೇ. ಮೂರು ವರ್ಷದಿಂದ ಸಂಜೆ ಹೊತ್ತು ಮನೆಯಲ್ಲಿ ಕೂತು ಹ್ಯಾಸ್ಕೆಲ್ ಬರೆಯುತ್ತಿರುವವನು ನಾನು. ಕನ್ನಡ ಗೊತ್ತಿದ್ದವನೂ ನಾನೇ, ಹ್ಯಾಸ್ಕೆಲ್ ಗೊತ್ತಿದ್ದವನೂ ನಾನೇ. ಆ ಕೋಣೆಯಲ್ಲಿ ಅವಳ ಪರ ಬಾಯಿ ಬಿಡಬಹುದಾಗಿದ್ದ ಒಬ್ಬನೇ ಒಬ್ಬ ಬಾಯಿ ಮುಚ್ಚಿಕೊಂಡು ಕೂತಿದ್ದ. ಯಾಕೆ ಅಂತ ಯೋಚಿಸಿದರೆ, ಆ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ರೆಡಿ ಇರಲಿಲ್ಲ.

ಹೇಳು ಅಂದರೆ ಮಾಡಿಬಿಟ್ಟಿತ್ತು

ಹ್ಯಾಸ್ಕೆಲ್ ಕಡೆ ನಾನು ಹೋಗಿದ್ದು ಜ್ಞಾನದಾಹದಿಂದ ಅಲ್ಲ, ಒಂದು ದೀಪಾವಳಿ ರಾತ್ರಿ ಹಾಳಾಗಿದ್ದರಿಂದ. ಆಗ ನಾನಿದ್ದ ಕಂಪನಿಯಲ್ಲಿ ಆನ್‌ಲೈನ್ ಅಂಗಡಿಯ ಬಿಲ್ಲಿಂಗ್ ಕೋಡ್ ನಮ್ಮ ಟೀಮಿನದ್ದು. ಹಬ್ಬದ ಸೇಲ್, 10 ಪರ್ಸೆಂಟ್ ರಿಯಾಯಿತಿ. ರಾತ್ರಿ ಒಂದೂವರೆಗೆ ಫೋನ್ ಬಂತು. ಕೆಲವು ಗಿರಾಕಿಗಳಿಗೆ 2,000 ರೂಪಾಯಿ ಸಾಮಾನು 1,800ಕ್ಕೆ ಹೋಗುವ ಬದಲು 1,620ಕ್ಕೆ ಹೋಗುತ್ತಿದೆ ಅಂತ. ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ. ಈ "ಕೆಲವರಿಗೆ ಮಾತ್ರ" ಅನ್ನುವ ಮಾತಿಗೆ ಸಾಫ್ಟ್‌ವೇರ್‌ನವರು ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಎಲ್ಲರಿಗೂ ತಪ್ಪು ಬಂದರೆ ಅರ್ಧ ಗಂಟೆಯಲ್ಲಿ ಹಿಡಿಯಬಹುದು.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಗೊತ್ತಾಯಿತು. ಗೆಟ್‌ಫೈನಲ್‌ಪ್ರೈಸ್ ಅನ್ನುವ ಒಂದು ಫಂಕ್ಷನ್, ಅಂದರೆ ಒಂದು ಕೆಲಸಕ್ಕೆ ಅಂತ ಹೆಸರು ಕೊಟ್ಟು ಬರೆದಿಟ್ಟ ಕೋಡಿನ ತುಂಡು. ಹೆಸರು ನೋಡಿದರೆ ಕೊನೆಯ ಬೆಲೆ ಎಷ್ಟು ಅಂತ ಹೇಳುವುದಷ್ಟೇ ಅದರ ಕೆಲಸ. ಆದರೆ ಯಾರೋ ಯಾವಾಗಲೋ, ಹೇಗಿದ್ದರೂ ಲೆಕ್ಕ ಮಾಡಿದೆಯಲ್ಲ ಅಂತ, ಆ ಬೆಲೆಯನ್ನ ವಾಪಸ್ ಕಾರ್ಟ್‌ನೊಳಗೇ ಬರೆದಿಟ್ಟಿದ್ದರು. ಒಂದು ಸಲ ಕರೆದರೆ 2,000 ಹೋಗಿ 1,800 ಆಗುತ್ತದೆ. ಗಿರಾಕಿ ಹಣ ಕಟ್ಟುವ ಪುಟದಿಂದ ಹಿಂದೆ ಹೋಗಿ, ಒಂದು ಬಣ್ಣ ಬದಲಾಯಿಸಿ ಮತ್ತೆ ಬಂದರೆ ಇನ್ನೊಂದು ಸಲ ಕರೆಯುತ್ತೇವೆ. ಆಗ ಅದು 1,800ಕ್ಕೆ 10 ಪರ್ಸೆಂಟ್ ಕಳೆಯುತ್ತದೆ. ಎಷ್ಟು ಅಂತ ಹೇಳು ಅಂದರೆ ಅದು ಮಾಡಿಯೇಬಿಟ್ಟಿತ್ತು. ಮಗುವಿನ ಹತ್ತಿರ "ಡಬ್ಬಿಯಲ್ಲಿ ಎಷ್ಟು ಚಕ್ಕುಲಿ ಇದೆ ನೋಡು" ಅಂದರೆ ಎಣಿಸುತ್ತಾ ಒಂದೊಂದೇ ಬಾಯಿಗೆ ಹಾಕಿಕೊಂಡ ಹಾಗೆ.

ಕೋಡ್ ಸರಿ ಮಾಡಲು ಎರಡು ಸಾಲು ಸಾಕಾಯಿತು. ನನಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಅಂಥ ಫಂಕ್ಷನ್ ನಮ್ಮ ಕೋಡಿನಲ್ಲಿ ಇನ್ನೆಷ್ಟು ಇವೆ ಅಂತ ಹೊರಗಿನಿಂದ ನೋಡಿ ಹೇಳುವ ದಾರಿಯೇ ಇರಲಿಲ್ಲ. ಹೇಳುವ ಫಂಕ್ಷನ್ ಯಾವುದು, ಮಾಡುವ ಫಂಕ್ಷನ್ ಯಾವುದು ಅಂತ ಹೆಸರು ನಂಬಿಕೊಂಡು ಬದುಕಬೇಕು. ಹ್ಯಾಸ್ಕೆಲ್‌ನಲ್ಲಿ ಹಾಗಲ್ಲ. ಅಲ್ಲಿ ಒಂದು ಫಂಕ್ಷನ್ ಹೊರಗಿನದ್ದನ್ನ ಮುಟ್ಟುತ್ತದೆ ಅಂದರೆ, ಫೈಲ್ ಓದುತ್ತದೆ, ಸ್ಕ್ರೀನ್ ಮೇಲೆ ಬರೆಯುತ್ತದೆ, ದುಡ್ಡು ಕಳಿಸುತ್ತದೆ ಅಂದರೆ, ಅದರ ಟೈಪ್‌ನಲ್ಲೇ, ಅಂದರೆ ಏನು ತಗೊಂಡು ಏನು ಕೊಡುತ್ತದೆ ಅಂತ ಹೇಳುವ ಸಾಲಿನಲ್ಲೇ, ಐಓ (ಇನ್‌ಪುಟ್ ಔಟ್‌ಪುಟ್) ಅಂತ ಹಣೆಪಟ್ಟಿ ಇರುತ್ತದೆ. ಪಟ್ಟಿ ಇಲ್ಲದ ಫಂಕ್ಷನ್ ಬರೀ ಹೇಳುತ್ತದೆ. 2,000 ಕೊಟ್ಟರೆ 1,800 ಅನ್ನುತ್ತದೆ. ನೂರು ಸಲ ಕೇಳಿದರೂ 1,800. ಯಾಕೆಂದರೆ ಆ 2,000ವನ್ನ ಅಳಿಸಿ ಬರೆಯುವ ಅಧಿಕಾರ ಅದಕ್ಕಿಲ್ಲ. ಅಷ್ಟೇ ವಿಷಯ. ಇದನ್ನ ಓದಿದ ದಿನ ನನಗೆ ಆ ಚಕ್ಕುಲಿ ಡಬ್ಬಿಗೆ ಬೀಗ ಸಿಕ್ಕ ಹಾಗಾಯಿತು.

ಡೈರಿಯ ಶೀಟು

ನಮ್ಮ ಮನೆಯಲ್ಲಿ ಪ್ರೋಗ್ರಾಮರ್ ಅಂತ ಹೆಸರಿರುವುದು ನನಗೆ. ಆದರೆ ನನಗಿಂತ ಮುಂಚೆ ಫಂಕ್ಷನಲ್ ಪ್ರೋಗ್ರಾಮಿಂಗ್, ಅಂದರೆ ಹ್ಯಾಸ್ಕೆಲ್‌ನ ಹಾಗೆ ಏನನ್ನೂ ಅಳಿಸಿ ಬರೆಯದೆ ಬರೀ ಹೇಳುವ ಫಂಕ್ಷನ್‌ಗಳಿಂದ ಲೆಕ್ಕ ಕಟ್ಟುವುದನ್ನ, ಕಲಿತವರು ನಮ್ಮ ಅತ್ತಿಗೆ. ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಅವರು ಹಾಲಿನ ಡೈರಿಯ ಸೆಕ್ರೆಟರಿ. ಬಿ.ಕಾಂ. ಓದಿದವರು. ಕಂಪ್ಯೂಟರ್ ಅಂದರೆ ಅವರಿಗೆ ಎಕ್ಸೆಲ್. ಡೈರಿಯ ಲೆಕ್ಕಕ್ಕೆ ಬೇರೆ ಸಾಫ್ಟ್‌ವೇರ್ ಇದೆ, ಆದರೂ ತಮ್ಮ ಸಮಾಧಾನಕ್ಕೆ ಒಂದು ಶೀಟು ಇಟ್ಟುಕೊಂಡಿದ್ದಾರೆ. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬ ಉತ್ಪಾದಕರು, ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು. ಅದರ ಮೇಲೆ ರೇಟು. ರೇಟಿನ ಮೇಲೆ ಮೊತ್ತ. ಅದರಲ್ಲಿ ಸಾಲಕ್ಕೆ ಒಯ್ದ ಫೀಡ್ ಮೂಟೆಯ ಕಡಿತ. ಕೊನೆಗೆ ಬಟವಾಡೆ.

ಎರಡು ವರ್ಷದ ಹಿಂದೆ ನಾನು ಊರಿಗೆ ಹೋದಾಗ ಅವರು ಕೂಗಾಡುತ್ತಿದ್ದರು. "ಫಾರ್ಮುಲಾ ಮೇಲೆ ನಂಬರ್ ಹೊಡೆದವರು ಯಾರು? ಇವತ್ತು ಗೊತ್ತಾಗ್ಬೇಕು." ಡೈರಿಗೆ ಸಹಾಯಕ್ಕೆ ಬರುವ ಹುಡುಗ ಮೂಲೆಯಲ್ಲಿ ಕ್ಯಾನ್ ತೊಳೆಯುತ್ತಾ ತಲೆಯನ್ನೇ ಎತ್ತಲಿಲ್ಲ. ನಡೆದಿದ್ದು ಇಷ್ಟು. ಒಬ್ಬ ಅಜ್ಜಿಯ ಹಾಲಿನ ಬಟವಾಡೆ ಹೇಗೆ ಕೂಡಿದರೂ ಕಮ್ಮಿ ಬರುತ್ತಿತ್ತು. ಹಸು ಹಾಲು ಚೆನ್ನಾಗಿ ಕೊಡುತ್ತಿದೆ, ಫ್ಯಾಟ್ ಏರಿದೆ, ದುಡ್ಡು ಮಾತ್ರ ನಿಂತಲ್ಲೇ ನಿಂತಿದೆ. ಅಜ್ಜಿ ಮೂರು ದಿನ ಬಂದು ಡೈರಿ ಮೆಟ್ಟಿಲ ಮೇಲೆ ಕೂತಿದ್ದರಂತೆ. "ನಿನ್ ಮಿಷನ್‌ಗೆ ನನ್ ಹಸಾ ಕಂಡ್ರೆ ಆಗಲ್ವೇನವ್ವ" ಅಂತ.

"ಬಾರಪ್ಪ ಇಲ್ಲಿ, ನೀನು ಇಂಜಿನಿಯರ್ ಅಲ್ವಾ, ನೋಡು" ಅಂದರು ಅತ್ತಿಗೆ. ನಾನು ಬಗ್ಗಿ ನೋಡಿದೆ. ಎಲ್ಲಾ ಸಾಲಿನಲ್ಲೂ ನಂಬರುಗಳು. ಏನೂ ಗೊತ್ತಾಗಲಿಲ್ಲ. ಅವರು ಕಂಟ್ರೋಲ್ ಹಿಡಿದು, ಟ್ಯಾಬ್ ಮೇಲಿರುವ ಕೀ ಒತ್ತಿದರು. ನಂಬರುಗಳೆಲ್ಲ ಮಾಯವಾಗಿ ಅವುಗಳ ಹಿಂದಿದ್ದ ಫಾರ್ಮುಲಾಗಳು ಎದ್ದು ನಿಂತವು. ರೇಟಿನ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಥರದ ಫಾರ್ಮುಲಾ. ಅಜ್ಜಿಯ ಸಾಲಿನಲ್ಲಿ ಮಾತ್ರ ಬೋಳಾಗಿ ಒಂದು ನಂಬರು ಕೂತಿತ್ತು. ಯಾವತ್ತೋ ಒಂದು ದಿನ ಮಿಷನ್ ಕೆಟ್ಟಾಗ ಹುಡುಗ ರೇಟನ್ನ ಕೈಯಲ್ಲೇ ಟೈಪ್ ಮಾಡಿ ಹಾಗೇ ಬಿಟ್ಟಿದ್ದ. ಆವತ್ತಿನಿಂದ ಫ್ಯಾಟ್ ಎಷ್ಟೇ ಏರಿದರೂ ರೇಟು ಕಲ್ಲಿನ ಥರ ನಿಂತಿತ್ತು. "ಇದು ಲೆಕ್ಕ ಅಲ್ಲ, ಇದು ಸುಳ್ಳು" ಅಂದರು ಅತ್ತಿಗೆ. "ನಂಬರ್ ಹೊಡೆಯೋದಿದ್ರೆ ಫ್ಯಾಟ್ ಇರೋ ಕಡೆ ಹೊಡೀಬೇಕು. ರೇಟು ತಾನೇ ಬರುತ್ತೆ. ರೇಟಿನ ಮನೆಗೆ ಕೈ ಹಾಕಬಾರದು."

ನಾನು ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸಿದೆ. ಎಕ್ಸೆಲ್ ಫಾರ್ಮುಲಾ ಯಾವ ಮನೆಯಿಂದ ಬೇಕಾದರೂ ಓದುತ್ತದೆ, ಬೇರೆ ಮನೆಗೆ ಬರೆಯುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಅತ್ತಿಗೆ ಹೇಳಿಕೊಡಬೇಕಿಲ್ಲ. ಯಾವುದು ಯಾವುದರ ಮೇಲೆ ನಿಂತಿದೆ ಅಂತ ಅದೇ ನೋಡಿಕೊಂಡು ಲೆಕ್ಕ ಹಾಕುತ್ತದೆ. ಹ್ಯಾಸ್ಕೆಲ್ ಕಟ್ಟಿದವರಲ್ಲಿ ಮುಖ್ಯನಾದ ಸೈಮನ್ ಪೇಟನ್ ಜೋನ್ಸ್ ಜಗತ್ತಿನಲ್ಲಿ ಅತಿ ಹೆಚ್ಚು ಜನ ಬಳಸುವ ಫಂಕ್ಷನಲ್ ಭಾಷೆ ಎಕ್ಸೆಲ್ ಅಂತ ವರ್ಷಗಟ್ಟಲೆ ಹೇಳಿಕೊಂಡೇ ಬಂದಿದ್ದಾರೆ. ಬರೀ ಹೇಳಿ ಸುಮ್ಮನಾಗಲೂ ಇಲ್ಲ. 2020ರ ಡಿಸೆಂಬರ್‌ನಲ್ಲಿ ಎಕ್ಸೆಲ್‌ಗೆ ನಮಗೆ ಬೇಕಾದ ಫಂಕ್ಷನ್ನನ್ನ ಫಾರ್ಮುಲಾದಲ್ಲೇ ಕಟ್ಟಿಕೊಳ್ಳಲು ಬಿಡುವ ಲ್ಯಾಂಬ್ಡಾ ಅನ್ನುವ ಫಂಕ್ಷನ್ ಬಂತು, ಅದರ ಹಿಂದೆ ಅವರ ಮತ್ತು ಅವರ ಜೊತೆಯವರ ಕೆಲಸ ಇದೆ. 1930ರ ದಶಕದಲ್ಲಿ ಅಲೊಂಜೊ ಚರ್ಚ್ ಅನ್ನುವ ಗಣಿತಜ್ಞ, ಕಂಪ್ಯೂಟರುಗಳೇ ಇಲ್ಲದಿದ್ದ ಕಾಲದಲ್ಲಿ, ಕಾಗದದ ಮೇಲೆ ಇಟ್ಟುಕೊಂಡಿದ್ದ ಗ್ರೀಕ್ ಅಕ್ಷರ ಅದು. ಈಗ ಡೈರಿಯ ಲ್ಯಾಪ್‌ಟಾಪಿಗೂ ಬಂದು ಕೂತಿದೆ. (ಅತ್ತಿಗೆಗೆ ಅದನ್ನ ತೋರಿಸಿದೆ. "ನಂಗ್ ಯಾಕಪ್ಪ ಇದು, ವಿಲುಕಪ್ ಸಾಕು" ಅಂದರು. ಪಟ್ಟಿಯಲ್ಲಿ ಹುಡುಕಿಕೊಡುವ ಆ ವಿಲುಕಪ್ಪೂ ಫಂಕ್ಷನ್ನೇ ಅಂತ ವಾದ ಮಾಡಲು ಹೋಗಲಿಲ್ಲ.)

ದೊಡ್ಡಪ್ಪನ ಗುಡ್ ಮಾರ್ನಿಂಗ್

ಸರಿ, ಎಕ್ಸೆಲ್ ತೋರಿಸಿ ಗೆದ್ದೆ ಅನ್ನುವುದು ಸ್ವಲ್ಪ ಮೋಸದ ಆಟ. ಸಹೋದ್ಯೋಗಿ ಕೇಳಿದ್ದು ನಿಜವಾದ ಭಾಷೆಗಳ ಬಗ್ಗೆ. ಅದಕ್ಕೂ ಉತ್ತರ ಇದೆ, ನಮ್ಮ ದೊಡ್ಡಪ್ಪನ ಫೋನಿನಲ್ಲೇ ಇದೆ. ಅವರು ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಇಡೀ ಬಳಗಕ್ಕೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾರೆ. ಅದನ್ನ ತಲುಪಿಸುವ ವಾಟ್ಸಾಪ್‌ನ ಸರ್ವರ್ ಎರ್ಲಾಂಗ್ ಅನ್ನುವ ಫಂಕ್ಷನಲ್ ಭಾಷೆಯಲ್ಲಿ ಕಟ್ಟಿದ್ದು.

ಎರ್ಲಾಂಗ್ ಹುಟ್ಟಿದ್ದು ಯೂನಿವರ್ಸಿಟಿಯಲ್ಲಿ ಅಲ್ಲ. 1986ರ ಹೊತ್ತಿಗೆ ಸ್ವೀಡನ್‌ನ ಎರಿಕ್ಸನ್ ಕಂಪನಿಯ ಲ್ಯಾಬಿನಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಯವರು ಟೆಲಿಫೋನ್ ಎಕ್ಸ್‌ಚೇಂಜಿಗೆ ಅಂತ ಮಾಡಿದ ಭಾಷೆ. ಎಕ್ಸ್‌ಚೇಂಜ್ ಅಂದರೆ ಊರೆಲ್ಲ ಮಾತಾಡುತ್ತಿರುವಾಗ "ರೀಸ್ಟಾರ್ಟ್ ಮಾಡ್ತೀವಿ ಇರಿ" ಅನ್ನುವ ಹಾಗಿಲ್ಲ. ಹಾಗಾಗಿ ಒಂದೊಂದು ಕರೆಗೂ ಬೇರೆ ಬೇರೆ ಪುಟ್ಟ ಪ್ರೋಸೆಸ್, ಅಂದರೆ ತನ್ನ ಪಾಡಿಗೆ ತಾನು ಓಡುವ ಕೆಲಸ. ಒಬ್ಬರ ಮನೆ ಗೋಡೆ ಮೇಲೆ ಇನ್ನೊಬ್ಬರು ಬರೆಯುವಂತಿಲ್ಲ, ಏನಿದ್ದರೂ ಚೀಟಿ ಕಳಿಸಬೇಕು. ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಅದನ್ನ ಅಳಿಸಿ ಬರೆಯುವಂತಿಲ್ಲ. ಒಂದು ಕರೆ ಬಿದ್ದುಹೋದರೆ ಬೀಳಲಿ. ಅದನ್ನ ನೋಡಿಕೊಳ್ಳಲು ಕೂತಿರುವ ಮೇಲ್ವಿಚಾರಕ ಪ್ರೋಸೆಸ್ ಹೊಸದನ್ನ ಎಬ್ಬಿಸುತ್ತದೆ, ಉಳಿದವರ ಮಾತು ನಡೆದೇ ಇರುತ್ತದೆ.

ತಮಾಷೆ ಏನೆಂದರೆ, 1998ರಲ್ಲಿ ಎರಿಕ್ಸನ್ ಕಂಪನಿಯೇ ಹೊಸ ಪ್ರಾಡಕ್ಟುಗಳಿಗೆ ಎರ್ಲಾಂಗ್ ಬೇಡ ಅಂದಿತು. ಎಲ್ಲರೂ ಬಳಸುವ ಭಾಷೆಯೇ ಇರಲಿ ಅಂತ. ಎರ್ಲಾಂಗ್ ತಂಡದವರು ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನ ಓಪನ್ ಸೋರ್ಸ್ ಮಾಡಿಸಿದರು. ವಾಟ್ಸಾಪ್‌ನವರು ಅದನ್ನ ಎತ್ತಿಕೊಂಡು 2012ರ ಹೊತ್ತಿಗೆ ಒಂದೇ ಸರ್ವರಿನಲ್ಲಿ 20 ಲಕ್ಷ ಕನೆಕ್ಷನ್ ಹಿಡಿದು ತೋರಿಸಿದರು. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರಿಗೆ ಅದನ್ನ ಕೊಂಡಾಗ ಸುಮಾರು 45 ಕೋಟಿ ಜನ ಬಳಸುತ್ತಿದ್ದರು, ಇಂಜಿನಿಯರುಗಳು ಇದ್ದದ್ದು 32 ಜನ. ನಮ್ಮ ಆಫೀಸಿನಲ್ಲಿ ಲಾಗಿನ್ ಪುಟ ನೋಡಿಕೊಳ್ಳುವವರೇ ಹತ್ತಿರ ಹತ್ತಿರ ಅಷ್ಟು ಜನ ಇದ್ದೇವೆ.

ಉಳಿದವು ಇಷ್ಟು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕಡೆ ಭತ್ತವನ್ನ ನೇರವಾಗಿ ಗದ್ದೆಗೆ ಹಾಕದೆ ಮೊದಲು ಒಟ್ಲು ಹಾಕುತ್ತಾರೆ. ಒಂದು ಮೂಲೆಯಲ್ಲಿ ಸಸಿ ಎದ್ದ ಮೇಲೆ ಕಿತ್ತು ಗದ್ದೆಗೆಲ್ಲ ನಾಟಿ. ಫಂಕ್ಷನಲ್ ಭಾಷೆಗಳು ನನಗೆ ಆ ಒಟ್ಲಿನ ಥರ ಕಾಣುತ್ತವೆ. 1958ರಲ್ಲಿ ಜಾನ್ ಮೆಕಾರ್ಥಿ ಶುರು ಮಾಡಿದ ಲಿಸ್ಪ್ ಭಾಷೆಯಲ್ಲಿ ಬೆಳೆದ ಗಾರ್ಬೇಜ್ ಕಲೆಕ್ಷನ್ (ಬಳಸಿ ಮುಗಿದ ಮೆಮೊರಿಯನ್ನ ತಾನಾಗಿಯೇ ಗುಡಿಸುವುದು) ಇವತ್ತು ಜಾವಾ ಬರೆಯುವವರು ಉಸಿರಾಡುವ ಗಾಳಿ. ಪಟ್ಟಿಯ ಒಂದೊಂದಕ್ಕೂ ಒಂದೇ ಕೆಲಸ ಮಾಡುವ ಅದರ ಮ್ಯಾಪ್, ಎಲ್ಲವನ್ನೂ ಒಂದಾಗಿಸುವ ರೆಡ್ಯೂಸ್, ಇವುಗಳ ಹೆಸರನ್ನೇ ಇಟ್ಟುಕೊಂಡು ಗೂಗಲ್ 2004ರಲ್ಲಿ ಸಾವಿರಾರು ಕಂಪ್ಯೂಟರುಗಳಿಗೆ ಕೆಲಸ ಹಂಚುವ ವಿಧಾನ ಪ್ರಕಟಿಸಿತು. ಹೆಸರಿಡದೇ ಅಲ್ಲಲ್ಲೇ ಬರೆಯುವ ಪುಟ್ಟ ಫಂಕ್ಷನ್, ಅದೇ ಲ್ಯಾಂಬ್ಡಾ, 2014ರಲ್ಲಿ ಜಾವಾ 8ಕ್ಕೂ ಬಂತು. ನನ್ನ ಸಹೋದ್ಯೋಗಿ ದಿನಕ್ಕೆ ಇಪ್ಪತ್ತು ಸಲ ಅದನ್ನ ಬರೆಯುತ್ತಾನೆ. ರಸ್ಟ್ ಭಾಷೆಯ ಮೊದಲ ಕಂಪೈಲರ್ ಬರೆದಿದ್ದು ಒಕ್ಯಾಮಲ್ ಅನ್ನುವ ಫಂಕ್ಷನಲ್ ಭಾಷೆಯಲ್ಲಿ. ಅನ್ನ ಉಣ್ಣುವಾಗ ಒಟ್ಲು ಯಾರಿಗೆ ನೆನಪಾಗುತ್ತದೆ?

ಸಹೋದ್ಯೋಗಿ ಬೆಂಗಳೂರಿನಲ್ಲೇ ಇದ್ದು ಆ ಪ್ರಶ್ನೆ ಕೇಳಿದ್ದು ಇನ್ನೂ ವಿಚಿತ್ರ. 2022ರಲ್ಲಿ ಶುರುವಾದ, ಆಟೋ ಕರೆಯುವ ನಮ್ಮ ಯಾತ್ರಿ ಆ್ಯಪ್ ಇದೆಯಲ್ಲ, ಅದರ ಸರ್ವರ್ ಕಡೆಯ ಕೋಡ್ ಹ್ಯಾಸ್ಕೆಲ್‌ನಲ್ಲಿದೆ. ಕಟ್ಟಿದ್ದು ಇಲ್ಲಿನದೇ ಪೇಮೆಂಟ್ ಕಂಪನಿ ಜಸ್‌ಪೇ, ಕೋಡ್ ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ಓದಬಹುದು. ಆ ಇಂಟರ್‌ವ್ಯೂ ಮುಗಿದ ಸಂಜೆ ಸಹೋದ್ಯೋಗಿ ಮನೆಗೆ ಹೋಗಿದ್ದು ಅದರಲ್ಲೇ ಆಟೋ ಹಿಡಿದು. ನಾನು ಗೇಟಿನ ಹತ್ತಿರ ನಿಂತು ಕೈ ಬೀಸಿದೆ. ಆವಾಗಲೂ ಹೇಳಲಿಲ್ಲ. ಆಮೇಲೊಂದು ದಿನ ಬನಶಂಕರಿಯಿಂದ ಬರುವಾಗ ಆಟೋ ಚಾಲಕರ ಹತ್ತಿರ ಮಾತಿಗೆ ಹೇಳಿದೆ, ಈ ಆ್ಯಪ್ ಬರೆದಿರೋ ಭಾಷೆ ನಾನೂ ಕಲೀತಿದ್ದೀನಿ ಅಂತ. "ಹೌದಾ ಸಾರ್? ಕಮಿಷನ್ ಹಿಡಿಯಲ್ಲ ನೋಡಿ, ಅದು ಚೆನ್ನಾಗಿದೆ" ಅಂದರು. ಅವರು ಹೇಳಿದ್ದೇ ಸರಿ. ಆ ಆ್ಯಪ್ ಜನಕ್ಕೆ ಹಿಡಿಸಿದ್ದು ಹ್ಯಾಸ್ಕೆಲ್‌ನಿಂದ ಅಂತ ನಾನು ಹೇಳಿದರೆ ಆಟೋದವರೇ ನಕ್ಕಾರು.

ಒಂದು ಅಪಾಸ್ಟ್ರಫಿ

ಇಷ್ಟೆಲ್ಲ ಹೊಗಳಿದ ಮೇಲೆ ನಾನು ಪಟ್ಟ ಪಾಡನ್ನೂ ಹೇಳಬೇಕು. ಕಲಿತ ಹೊಸದರಲ್ಲಿ ಒಂದು ದೊಡ್ಡ ಲಾಗ್ ಫೈಲಿನ ನಂಬರುಗಳನ್ನ ಕೂಡಿಸಲು ಹ್ಯಾಸ್ಕೆಲ್‌ನಲ್ಲಿ ನಾಲ್ಕು ಸಾಲು ಬರೆದೆ. ನೋಡಲು ಎಷ್ಟು ಚೆಂದ ಅಂದರೆ ಹೆಂಡತಿಯನ್ನ ಕರೆದು ತೋರಿಸಿದೆ. ಓಡಿಸಿದೆ. ಲ್ಯಾಪ್‌ಟಾಪ್ ಫ್ಯಾನ್ ರಾಗಿ ಮಿಷನ್ ಥರ ಸದ್ದು ಮಾಡಿತು, ಮೆಮೊರಿ ತುಂಬಿ ಎಲ್ಲ ನಿಂತುಹೋಯಿತು. ಹ್ಯಾಸ್ಕೆಲ್ ಸೋಮಾರಿ ಭಾಷೆ, ಬೈಗುಳವಲ್ಲ, ಅದರ ಗುಣ. ಕೇಳುವ ತನಕ ಲೆಕ್ಕ ಮಾಡುವುದಿಲ್ಲ. ನನ್ನ ಕೂಡುವ ಕೆಲಸವನ್ನ "ಆಮೇಲೆ ಮಾಡ್ತೀನಿ" ಅಂತ ಚೀಟಿ ಬರೆದು ಬರೆದು ಗುಡ್ಡೆ ಹಾಕಿಕೊಂಡಿತ್ತು. ಎರಡು ದಿನ ಹುಡುಕಿದ ಮೇಲೆ ಸಿಕ್ಕ ಪರಿಹಾರ, ಪಟ್ಟಿಯನ್ನ ಒಂದೊಂದಾಗಿ ಸೇರಿಸುತ್ತಾ ಹೋಗುವ ಫೋಲ್ಡ್‌ಎಲ್ ಅನ್ನುವ ಫಂಕ್ಷನ್ ಹೆಸರಿನ ಕೊನೆಗೆ ಒಂದು ಅಪಾಸ್ಟ್ರಫಿ. ಆ ಗೆರೆ ಇದ್ದರೆ ಆಗಿಂದಾಗ ಕೂಡುತ್ತದೆ, ಇಲ್ಲದಿದ್ದರೆ ಗುಡ್ಡೆ. ಒತ್ತಕ್ಷರ ತಪ್ಪಿದರೆ ಮೇಷ್ಟ್ರು ಬೈಯುತ್ತಿದ್ದದ್ದು ನೆನಪಾಯಿತು.

ಇಂಥದ್ದನ್ನ ಹೊಸಬರ ಟೀಮಿಗೆ ತಂದು ಸುರಿಯಲು ನನಗೆ ಧೈರ್ಯ ಇಲ್ಲ. ಈಗಿನ ಆಫೀಸಿನಲ್ಲಿ ನಾನು ಬರೆಯುವುದು ಜಾವಾನೇ. ಹ್ಯಾಸ್ಕೆಲ್ ಗೊತ್ತಿದ್ದವರನ್ನ ಹುಡುಕುವುದು ಕಷ್ಟ, ಸಿಕ್ಕವರನ್ನ ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಹ್ಯಾಸ್ಕೆಲ್‌ನಲ್ಲಿ ಕೆಲಸಗಳನ್ನ ಒಂದಾದ ಮೇಲೊಂದು ಪೋಣಿಸಲು ಬಳಸುವ ಮೊನಾಡ್ ಅಂದರೇನು ಅಂತ ಅರ್ಥವಾದವರಿಗೆ ಅದನ್ನ ಇನ್ನೊಬ್ಬರಿಗೆ ಹೇಳುವ ಶಕ್ತಿ ಹೊರಟುಹೋಗುತ್ತದೆ ಅಂತ ಒಂದು ಹಳೇ ಜೋಕಿದೆ, ನನ್ನ ಮಟ್ಟಿಗೆ ಅದು ಜೋಕಲ್ಲ. ನಾನು ಆಫೀಸಿಗೆ ತಂದಿದ್ದು ಒಂದೇ ಹಟ. ಕಾರ್ಟು, ಬಿಲ್ಲು, ಬೆಲೆ ಇಂಥವನ್ನ ಒಮ್ಮೆ ಮಾಡಿದ ಮೇಲೆ ತಿದ್ದುವಂತಿಲ್ಲ, ಬೇಕಾದರೆ ಹೊಸದು ಮಾಡಿ. ದುಡ್ಡು ಲೆಕ್ಕ ಹಾಕುವ ಕೋಡ್ ಡೇಟಾಬೇಸ್ ಮುಟ್ಟುವಂತಿಲ್ಲ. ರಿವ್ಯೂ ಮಾಡುವಾಗ ಯಾರಾದರೂ ಮುಟ್ಟಿದ್ದು ಕಂಡರೆ ನನ್ನ ಬಾಯಲ್ಲಿ ಬರುವುದು ಅತ್ತಿಗೆಯ ಮಾತೇ, ರೇಟಿನ ಮನೆಗೆ ಕೈ ಹಾಕಬೇಡಿ ಅಂತ. ಟೀಮಿನ ಹುಡುಗರು ಅದನ್ನ ಯಾವುದೋ ದೊಡ್ಡ ಸಿದ್ಧಾಂತ ಅಂದುಕೊಂಡಿದ್ದಾರೆ.

ಕೇಳದೇ ಉಳಿದ ಪ್ರಶ್ನೆ

ಆ ಹುಡುಗಿಯ ಪ್ರೋಗ್ರಾಮ್ ಬಗ್ಗೆ ಈಗ ಯೋಚಿಸಿದರೆ, ಅವಳು ಸರಿಯಾದ ಕೆಲಸಕ್ಕೆ ಸರಿಯಾದ ಭಾಷೆಯನ್ನೇ ಆರಿಸಿದ್ದಳು. ಪ್ರಸ್ತಾರ ಹಾಕುವಾಗ ನಾವು ಪದ್ಯವನ್ನ ಮುಟ್ಟುವುದಿಲ್ಲ, ಗುರುತು ಹಾಕುವುದು ಅದರ ಮೇಲೆ. ಅಕ್ಷರಗಳ ಪಟ್ಟಿ ಒಳಗೆ ಹೋಗುತ್ತದೆ, ಲಘು ಗುರುಗಳ ಹೊಸ ಪಟ್ಟಿ ಹೊರಗೆ ಬರುತ್ತದೆ. ಆ ಪಟ್ಟಿಯಿಂದ ಮಾತ್ರೆಗಳ ಪಟ್ಟಿ, ಅದರಿಂದ ಗಣಗಳ ಪಟ್ಟಿ. ಭಾಮಿನಿಯಾದರೆ ಮೂರು, ನಾಲ್ಕು, ಮೂರು, ನಾಲ್ಕು. ಒಂದು ಅಕ್ಷರ ಗುರುವೋ ಲಘುವೋ ಅಂತ ಹೇಳಲು ಅದನ್ನೂ ಅದರ ಮುಂದಿನದನ್ನೂ ನೋಡಿದರೆ ಸಾಕು, ಮುಂದೆ ಒತ್ತಕ್ಷರ ಇದ್ದರೆ ಹಿಂದಿನದು ಗುರು. ಎಲ್ಲೂ ಏನನ್ನೂ ಅಳಿಸುವುದಿಲ್ಲ. ಗಣ ಕೂಡಿಬರಲಿಲ್ಲ ಅಂತ ನನ್ನ ಥರ ಗುರುವನ್ನ ಲಘು ಮಾಡಲು ಅವಳ ಪ್ರೋಗ್ರಾಮಿಗೆ ಬರುವುದಿಲ್ಲ. ತಪ್ಪು ಕಮ್ಮಿ ಆಗ್ತಿತ್ತು ಅಂದಿದ್ದಳಲ್ಲ, ಇದಕ್ಕೇ ಇರಬೇಕು.

ಆ ನಿಯಮಕ್ಕೂ ಒಂದು ಅಪವಾದ ಇದೆ ಅನ್ನುವುದು ನನಗೆ ಇಂಟರ್‌ವ್ಯೂ ಮುಗಿದ ಎಷ್ಟೋ ದಿನದ ಮೇಲೆ, ಬೈಕಿನಲ್ಲಿ ಸಿಗ್ನಲ್ ಹತ್ತಿರ ನಿಂತಿದ್ದಾಗ ನೆನಪಾಯಿತು. ಹಳಗನ್ನಡದ ಶಿಥಿಲದ್ವಿತ್ವ. ಕೆಲವು ಪದಗಳಲ್ಲಿ ಮುಂದೆ ಒತ್ತಕ್ಷರ ಇದ್ದರೂ ತೇಲಿಸಿ ಹೇಳುತ್ತಾರೆ, ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಎಲ್ಲಿ ತೇಲಿಸಬೇಕು ಅನ್ನುವುದು ಅಕ್ಷರ ನೋಡಿದರೆ ತಿಳಿಯುವುದಿಲ್ಲ, ಪದ ಗೊತ್ತಿರಬೇಕು. ಅದನ್ನ ಅವಳು ಹೇಗೆ ನಿಭಾಯಿಸಿದ್ದಳು? ಅಂಥ ಪದಗಳ ಪಟ್ಟಿ ಇಟ್ಟಿದ್ದಳಾ, ಎರಡೂ ಥರ ಎಣಿಸಿ ಗಣ ಕೂಡಿಬಂದದ್ದನ್ನ ಇಟ್ಟುಕೊಳ್ಳುತ್ತಿದ್ದಳಾ? ಆ ಒಂದು ಪ್ರಶ್ನೆ ಕೇಳಿದ್ದರೆ ಅವಳು ಅರ್ಧ ಗಂಟೆ ಮಾತಾಡುತ್ತಿದ್ದಳು ಅನ್ನಿಸುತ್ತದೆ. ರೆಸ್ಯೂಮೆಯ ಪಿಡಿಎಫ್ ಇನ್ನೂ ನನ್ನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ, ಕರೆಂಟ್ ಬಿಲ್ಲುಗಳ ನಡುವೆ ಇದೆ.